ದೂರದಿಂದ ಕೆಲಸ ಮಾಡುವ ಅಸಿಸ್ಟೆಂಟ್ ಇಟ್ಟುಕೊಳ್ಳಬೇಕು, ಪಾಸ್‌ವರ್ಡ್ ಕೊಡಲು ಭಯ. ಅನುಭವ ಇರುವವರು ಹೇಳಿ

ಪ್ರಶ್ನೆ

ನನ್ನದು ಚಿಕ್ಕ ಆನ್‌ಲೈನ್ ವ್ಯಾಪಾರ. ಆರ್ಡರ್ ನೋಡುವುದು, ಗ್ರಾಹಕರ ಮೇಲ್‌ಗಳಿಗೆ ಉತ್ತರ ಬರೆಯುವುದು, ಬಿಲ್ ಕಳಿಸುವುದು, ವೆಬ್‌ಸೈಟಿಗೆ ಹೊಸ ಮಾಲು ಹಾಕುವುದು, ಎಲ್ಲಾ ನಾನೊಬ್ಬಳೇ. ಈಗ ಕೈ ಮೀರುತ್ತಿದೆ. ಬೇರೆ ಊರಿನಿಂದಲೇ ಕೆಲಸ ಮಾಡುವ ಒಬ್ಬರನ್ನು ತೆಗೆದುಕೊಳ್ಳೋಣ ಅಂತಿದ್ದೇನೆ. ಆದರೆ ಎದುರಿಗೆ ಕಂಡೇ ಇಲ್ಲದವರಿಗೆ ಮೇಲ್, ವೆಬ್‌ಸೈಟ್ ಎಲ್ಲಾ ಬಿಟ್ಟುಕೊಡುವುದು ಹೇಗೆ? ಗ್ರಾಹಕರ ವಿಳಾಸ, ಫೋನ್ ನಂಬರ್ ಎಲ್ಲಾ ಅದರಲ್ಲೇ ಇದೆ. ನೀವು ಹೇಗೆ ಮಾಡಿಕೊಂಡಿದ್ದೀರಿ?

ಉತ್ತರ: ಆನ್‌ಲೈನ್ ಅಂಗಡಿ ನಡೆಸುವವರು

ಮೇಡಂ, ನಿಮ್ಮ ಭಯ ಸರಿಯಾದದ್ದೇ. ಆದರೆ "ಈ ವ್ಯಕ್ತಿಯನ್ನು ನಂಬಬಹುದಾ" ಅನ್ನುವ ಪ್ರಶ್ನೆಯಲ್ಲೇ ನಿಂತುಬಿಟ್ಟರೆ ಯಾರನ್ನೂ ಇಟ್ಟುಕೊಳ್ಳಲು ಆಗುವುದಿಲ್ಲ. ನಾನು ಕೇಳಿಕೊಳ್ಳುವುದು ಬೇರೆ. ಇವರ ಕೈಯಿಂದ ಒಂದು ತಪ್ಪು ಆದರೆ, ಅಥವಾ ಇವರ ಲ್ಯಾಪ್‌ಟಾಪೇ ಕಳುವಾದರೆ, ನನಗೆ ಎಷ್ಟು ಪೆಟ್ಟು ಬೀಳುತ್ತದೆ? ಒಳ್ಳೆಯವರ ಲ್ಯಾಪ್‌ಟಾಪೂ ಕಳುವಾಗುತ್ತದೆ ಅಲ್ವಾ. ಹೀಗೆ ಯೋಚಿಸಿದರೆ ಏನು ಮಾಡಬೇಕು ಅನ್ನುವುದು ತಾನಾಗಿ ಗೊತ್ತಾಗುತ್ತದೆ.

ಮೊದಲನೆಯದು, ಪಾಸ್‌ವರ್ಡ್ ಕೊಡಲೇಬೇಡಿ. ಬಹಳಷ್ಟು ಕಡೆ ಅದರ ಅಗತ್ಯವೇ ಇಲ್ಲ. ಜಿಮೇಲ್‌ನಲ್ಲಿ ಡೆಲಿಗೇಟ್ ಅಂತ ಒಂದು ಸೌಲಭ್ಯ ಇದೆ. ಅಸಿಸ್ಟೆಂಟ್ ತಮ್ಮದೇ ಅಕೌಂಟಿನಿಂದ ಬಂದು ನಿಮ್ಮ ಮೇಲ್ ಓದಬಹುದು, ಉತ್ತರ ಕಳಿಸಬಹುದು. ನಿಮ್ಮ ಪಾಸ್‌ವರ್ಡ್ ಬದಲಾಯಿಸಲು ಆಗುವುದಿಲ್ಲ. ಆದರೆ ಮೇಲ್ ಅಳಿಸಬಹುದು, ಅದು ನೆನಪಿರಲಿ. ಅದಕ್ಕೇ ನಾನು ಗ್ರಾಹಕರಿಗಾಗಿಯೇ ಒಂದು ಬೇರೆ ಮೇಲ್ ವಿಳಾಸ ಮಾಡಿ, ಅದಕ್ಕೆ ಮಾತ್ರ ಡೆಲಿಗೇಟ್ ಕೊಟ್ಟಿದ್ದೇನೆ. ಬ್ಯಾಂಕಿನದು, ಡೊಮೈನ್‌ದು (ಅಂದರೆ ವೆಬ್‌ಸೈಟಿನ ಹೆಸರಿನದು), ಪಾಸ್‌ವರ್ಡ್ ರೀಸೆಟ್ ಮೇಲ್‌ಗಳು, ಎಲ್ಲಾ ಬರುವುದು ಇನ್ನೊಂದು ವಿಳಾಸಕ್ಕೆ. ಅದನ್ನು ನಾನು ಬಿಟ್ಟರೆ ಬೇರೆ ಯಾರೂ ನೋಡುವುದಿಲ್ಲ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮುಖ್ಯವಾದ ಕೆಲಸ ಇದೇ. ರೀಸೆಟ್ ಮೇಲ್ ಯಾರಿಗೆ ಸಿಗುತ್ತದೋ ಉಳಿದ ಅಕೌಂಟ್‌ಗಳೂ ಅವರ ಕೈಗೆ ಹೋದ ಹಾಗೆ.

ವೆಬ್‌ಸೈಟಿನಲ್ಲೂ ಹೀಗೇ. ವೆಬ್‌ಸೈಟ್ ನಡೆಸಲು ಬಳಸುವ ವರ್ಡ್‌ಪ್ರೆಸ್ ಸಾಫ್ಟ್‌ವೇರ್‌ನಲ್ಲಿ ಅಡ್ಮಿನಿಸ್ಟ್ರೇಟರ್, ಎಡಿಟರ್, ಆಥರ್, ಕಾಂಟ್ರಿಬ್ಯೂಟರ್ ಅಂತ ಬೇರೆ ಬೇರೆ ಹಂತಗಳಿವೆ. ಕಾಂಟ್ರಿಬ್ಯೂಟರ್ ಬರೆದಿಡಬಹುದು, ಪ್ರಕಟಿಸಲು ಆಗುವುದಿಲ್ಲ. ಮೊದಲಿಗೆ ಇಷ್ಟು ಸಾಕು. ಕೆಲಸ ನೋಡಿಕೊಂಡು ಮೇಲಿನ ಹಂತ ಕೊಡಿ. ಗೂಗಲ್ ಬಿಸಿನೆಸ್ ಪ್ರೊಫೈಲ್ (ಗೂಗಲ್‌ನಲ್ಲಿ ಹುಡುಕಿದಾಗ ಕಾಣುವ ನಿಮ್ಮ ವ್ಯಾಪಾರದ ವಿವರ) ಇದ್ದರೆ ಮ್ಯಾನೇಜರ್ ಆಗಿ ಸೇರಿಸಿ, ಓನರ್ ಆಗಿ ಬೇಡ. ಮ್ಯಾನೇಜರ್‌ಗೆ ಪ್ರೊಫೈಲ್ ಅಳಿಸಲು, ಬೇರೆಯವರನ್ನು ಸೇರಿಸಲು ಅಧಿಕಾರ ಇರುವುದಿಲ್ಲ.

ಇಂಥ ವ್ಯವಸ್ಥೆಯೇ ಇಲ್ಲದ ಸೇವೆಗಳೂ ಕೆಲವು ಇರುತ್ತವೆ. ಅಲ್ಲಿ ಬಿಟ್‌ವಾರ್ಡನ್, ಒನ್‌ಪಾಸ್‌ವರ್ಡ್ ಥರದ ಪಾಸ್‌ವರ್ಡ್ ಮ್ಯಾನೇಜರ್ (ಪಾಸ್‌ವರ್ಡ್‌ಗಳನ್ನು ಭದ್ರವಾಗಿ ಇಡುವ ಆ್ಯಪ್) ಮೂಲಕ ಹಂಚಿಕೊಳ್ಳಿ. ಪಾಸ್‌ವರ್ಡ್ ಕಾಣದ ಹಾಗೆ ಹಂಚಬಹುದು ಅನ್ನುತ್ತಾರೆ. ಅದನ್ನು ಪೂರ್ತಿ ನೆಚ್ಚಿಕೊಳ್ಳಬೇಡಿ. ಬ್ರೌಸರ್ ಅದನ್ನು ತುಂಬುವಾಗ, ಗೊತ್ತಿದ್ದವರು ತೆಗೆದು ನೋಡಬಹುದು. ಹಂಚಿದ ಪಾಸ್‌ವರ್ಡ್ ಅಂದರೆ ಅವರಿಗೆ ಗೊತ್ತಾದ ಪಾಸ್‌ವರ್ಡ್ ಅಂತಲೇ ಇಟ್ಟುಕೊಳ್ಳಿ.

ಉತ್ತರ: ಅಸಿಸ್ಟೆಂಟ್ ಆಗಿ ಕೆಲಸ ಮಾಡುವವರು

ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ಮೇಲಿನವರು ಹೇಳಿದ ಮಿತಿಗಳು ನಮಗೂ ಬೇಕು. ಎಲ್ಲದರ ಪಾಸ್‌ವರ್ಡ್ ನಮ್ಮ ಕೈಯಲ್ಲಿದ್ದರೆ, ಏನೇ ಕಳೆದುಹೋದರೂ ಮೊದಲು ಅನುಮಾನ ಬರುವುದು ನಮ್ಮ ಮೇಲೆ. ನಮ್ಮದೇ ಲಾಗಿನ್ ಇದ್ದರೆ ಯಾರು ಯಾವಾಗ ಏನು ಮಾಡಿದರು ಅನ್ನುವುದು ದಾಖಲೆಯಲ್ಲಿ ಇರುತ್ತದೆ. ನಾನು ಕೆಲಸ ಮಾಡಿದ ಒಂದು ಕಡೆ ಎಲ್ಲರಿಗೂ ಒಂದೇ ಲಾಗಿನ್ ಇತ್ತು. ಒಂದು ದಿನ ಗ್ರಾಹಕರ ಪಟ್ಟಿಯಲ್ಲಿ ಅರ್ಧಕ್ಕರ್ಧ ಅಳಿಸಿಹೋಯಿತು. ಯಾರಿಂದ ಆಯಿತು ಅಂತ ತಿಳಿಯಲೇ ಇಲ್ಲ. ಎಲ್ಲರೂ ಒಬ್ಬರನ್ನೊಬ್ಬರು ನೋಡುವಂತಾಯಿತು. ಆ ಕೆಲಸ ಬಿಡಲು ಅದೇ ಕಾರಣ. ಹಾಗಾಗಿ ಮಿತಿ ಹಾಕಲು ಸಂಕೋಚ ಬೇಡ. "ನಿಮ್ಮ ಮೇಲೆ ಅನುಮಾನ ಇದೆ ಅಂತಲ್ಲ, ಯಾರೇ ಬಂದರೂ ಹೀಗೇ" ಅಂತ ಮೊದಲೇ ಹೇಳಿಬಿಡಿ. ಕೆಲಸ ಗೊತ್ತಿರುವವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಮಾತು. ಕಂಪ್ಯೂಟರ್ ಪರದೆಯ ಫೋಟೊ ಆಗಾಗ ತೆಗೆಯುವ ಸಾಫ್ಟ್‌ವೇರ್ ಹಾಕಿಸುವವರು ಇದ್ದಾರೆ. ದಯವಿಟ್ಟು ಅದರ ಬದಲು ಕೆಲಸ ನೋಡಿ. ಎಷ್ಟು ಮೇಲ್‌ಗೆ ಉತ್ತರ ಹೋಗಿದೆ, ಗ್ರಾಹಕರಿಗೆ ಸಮಾಧಾನ ಆಗಿದೆಯಾ, ಅದು ಗೊತ್ತಾದರೆ ಸಾಲದೇ? ಮೇಲಾಗಿ ಆ ಫೋಟೊಗಳಲ್ಲಿ ನಿಮ್ಮ ಗ್ರಾಹಕರ ವಿವರವೂ ಸೇರಿರುತ್ತದೆ. ಅದನ್ನೂ ಕಾಯುವ ಹೊಣೆ ಸುಮ್ನೆ ನಿಮ್ಮ ತಲೆಗೆ ಬರುತ್ತದೆ.

ಸಂಬಳ ಹೇಳಿದ ದಿನಕ್ಕೆ ಕೊಡಿ. ದೂರದಲ್ಲಿರುವವರಿಗೂ ನಿಮ್ಮ ಥರವೇ ಭಯ ಇರುತ್ತದೆ, ಕೆಲಸ ಮಾಡಿಸಿಕೊಂಡು ಕಾಣೆಯಾಗುತ್ತಾರೇನೋ ಅಂತ.

ಉತ್ತರ: ಲೆಕ್ಕಪತ್ರ ನೋಡುವವರು

ಹಣದ ವಿಷಯ ಯಾರೂ ಹೇಳಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಪಾವತಿಯನ್ನು ಸಿದ್ಧಮಾಡುವವರು ಒಬ್ಬರು, ಒಪ್ಪಿಗೆ ಕೊಡುವವರು ಇನ್ನೊಬ್ಬರು ಆಗಿರಬೇಕು. ಚಿಕ್ಕ ವ್ಯಾಪಾರದಲ್ಲಿ ಆ ಇನ್ನೊಬ್ಬರು ನೀವೇ. ಅಸಿಸ್ಟೆಂಟ್ ಬಿಲ್ ತಯಾರಿಸಲಿ, ಬಾಕಿ ಪಟ್ಟಿ ಮಾಡಲಿ. ಹಣ ಹೊರಗೆ ಹೋಗುವ ಬಟನ್ ನೀವೇ ಒತ್ತಿ. ಲೆಕ್ಕ ತಾಳೆ ನೋಡಲು ಬ್ಯಾಂಕ್ ಸ್ಟೇಟ್‌ಮೆಂಟ್ ಡೌನ್‌ಲೋಡ್ ಮಾಡಿ ಕೊಟ್ಟರೆ ಸಾಕು. ಒಟಿಪಿಯನ್ನು ಫೋನಿನಲ್ಲಿ ಓದಿ ಹೇಳುವ ಅಭ್ಯಾಸ ಯಾವ ಕಾರಣಕ್ಕೂ ಬೇಡ. ಅದು ಒಮ್ಮೆ ರೂಢಿಯಾದರೆ, ನಾಳೆ ಮೋಸಗಾರರು ಕೇಳಿದಾಗಲೂ ಹೇಳಿಬಿಡುವಂತಾಗುತ್ತದೆ.

ಎಲ್ಲರೂ ಅಸಿಸ್ಟೆಂಟ್ ಮೋಸ ಮಾಡಿದರೆ ಅಂತ ಹೆದರುತ್ತಾರೆ. ಅಸಿಸ್ಟೆಂಟ್‌ಗೇ ಮೋಸ ಆಗುವ ಸಾಧ್ಯತೆ ಇರುವುದನ್ನು ಮರೆಯುತ್ತಾರೆ. ಮಾಲು ಕೊಡುವವರ ಹೆಸರಿನಲ್ಲೇ ಒಂದು ಮೇಲ್ ಬರುತ್ತದೆ: "ನಮ್ಮ ಬ್ಯಾಂಕ್ ಅಕೌಂಟ್ ಬದಲಾಗಿದೆ, ಇನ್ನು ಮೇಲೆ ಇಲ್ಲಿಗೆ ಹಾಕಿ." ಅಥವಾ ನಿಮ್ಮ ಹೆಸರಿನಲ್ಲೇ ಬರುತ್ತದೆ: "ಮೀಟಿಂಗ್‌ನಲ್ಲಿದ್ದೇನೆ, ಫೋನ್ ಮಾಡಬೇಡಿ, ಅರ್ಜೆಂಟಾಗಿ ಇಷ್ಟು ಕಳಿಸಿ." ಹೊಸಬರು, ಒಳ್ಳೆಯ ಹೆಸರು ತೆಗೆದುಕೊಳ್ಳಬೇಕು ಅಂತಿರುವವರು, ಇಂಥದಕ್ಕೆ ಬೇಗ ಬೀಳುತ್ತಾರೆ. ಅದಕ್ಕೆ ನಿಯಮ ಒಂದೇ. ಅಕೌಂಟ್ ನಂಬರ್ ಬದಲಾವಣೆ ಅಂತ ಯಾರೇ ಬರೆದರೂ, ಮುಂಚಿನಿಂದ ನಿಮ್ಮ ಬಳಿ ಇರುವ ನಂಬರಿಗೇ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಆ ಮೇಲ್‌ನಲ್ಲಿ ಕೊಟ್ಟಿರುವ ನಂಬರಿಗಲ್ಲ. ಇದರಿಂದ ಪಾವತಿ ತಡವಾದರೆ ಬೈಯುವುದಿಲ್ಲ ಅಂತಲೂ ಅಸಿಸ್ಟೆಂಟ್‌ಗೆ ಹೇಳಿರಿ. ಬೈಗುಳದ ಭಯ ಇದ್ದವರು ಫೋನ್ ಮಾಡದೇ ಹೊಸ ಅಕೌಂಟಿಗೇ ಪಾವತಿ ಸಿದ್ಧಮಾಡಿ ನಿಮ್ಮ ಮುಂದಿಡುತ್ತಾರೆ.

ಕೇಳಿದವರು

ತುಂಬಾ ಥ್ಯಾಂಕ್ಸ್. ಬೇರೆ ಮೇಲ್ ವಿಳಾಸ ಇವತ್ತೇ ಮಾಡುತ್ತೇನೆ. ಆಯ್ಕೆ ಹೇಗೆ ಮಾಡುವುದು? ಒಪ್ಪಂದ ಬರೆಸಬೇಕಾ?

ಉತ್ತರ: ಚಿಕ್ಕ ಡಿಸೈನ್ ಕಂಪನಿಯವರು

ವಿಡಿಯೊ ಕಾಲ್ ಮಾಡಿ, ಆದರೆ ಅದೊಂದೇ ಸಾಕು ಅಂದುಕೊಳ್ಳಬೇಡಿ. ದೂರದ ಕೆಲಸದ ಇಂಟರ್‌ವ್ಯೂಗಳಲ್ಲಿ ನಕಲಿ ಮುಖದ ವಿಡಿಯೊ ಬಳಸುತ್ತಿದ್ದಾರೆ ಅಂತ ಅಮೆರಿಕದ ಎಫ್‌ಬಿಐ 2022ರಲ್ಲೇ ಎಚ್ಚರಿಸಿತ್ತು. ಮುಂಚೆ ಕೆಲಸ ಮಾಡಿದ ಕಡೆಯವರ ಜೊತೆ ಮಾತಾಡಿ. ಆಮೇಲೆ ಒಂದು ಚಿಕ್ಕ ನಿಜವಾದ ಕೆಲಸ ಕೊಡಿ. ದುಡ್ಡು ಕೊಟ್ಟೇ ಮಾಡಿಸಿ. ಅದಕ್ಕೆ ಗ್ರಾಹಕರ ನಿಜವಾದ ವಿವರ ಬೇಡ, ಹೆಸರು ನಂಬರ್ ಬದಲಾಯಿಸಿ ಕೊಡಿ. ನಾನು ಬೇಕಂತಲೇ ಒಂದು ಅರ್ಧಂಬರ್ಧ ಸೂಚನೆ ಸೇರಿಸುತ್ತೇನೆ. ಗೊತ್ತಾಗದಿದ್ದಾಗ ಕೇಳುತ್ತಾರಾ, ಊಹಿಸಿಕೊಂಡು ಮುಂದೆ ಹೋಗುತ್ತಾರಾ ನೋಡುತ್ತೇನೆ. ಕೇಳುವವರೇ ನನಗೆ ಬೇಕು. ಎದುರಿಗಿದ್ದರೆ ತಡೆಯಬಹುದು, ದೂರದಲ್ಲಿದ್ದಾಗ ಊಹೆ ಮಾಡಿದ್ದು ತಿಳಿಯುವಷ್ಟರಲ್ಲಿ ಕೆಲಸ ಕೆಟ್ಟಿರುತ್ತದೆ.

ಒಪ್ಪಂದ ಬೇಕೇ ಬೇಕು. ಎರಡು ಪುಟ ಆದರೂ ಸಾಕು. ಏನು ಕೆಲಸ, ಯಾವಾಗ ಹಣ, ಯಾವುದು ಗೋಪ್ಯ, ಬಿಡುವಾಗ ಎಷ್ಟು ದಿನ ಮುಂಚೆ ಹೇಳಬೇಕು. ಜೊತೆಗೆ, ಅವರು ಮಾಡಿದ ಚಿತ್ರ, ಬರಹದ ಹಕ್ಕು ನಿಮಗೆ ಸೇರುತ್ತದೆ ಅಂತ ಬರೆದಿರಲೇಬೇಕು. ಹೊರಗಿನವರಿಂದ ಮಾಡಿಸಿದಾಗ, ದುಡ್ಡು ಕೊಟ್ಟ ಮಾತ್ರಕ್ಕೆ ಕಾಪಿರೈಟ್ ಎಲ್ಲಾ ಸಲವೂ ನಿಮ್ಮದಾಗಿಬಿಡುವುದಿಲ್ಲ. ನಿಮ್ಮ ಗ್ರಾಹಕರಲ್ಲಿ ಯುರೋಪಿಯನ್ ಒಕ್ಕೂಟದವರಿದ್ದರೆ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ (ಜನರ ಖಾಸಗಿ ಮಾಹಿತಿ ಕಾಯುವ ಅಲ್ಲಿನ ಕಾನೂನು) ಕೂಡ ಲೆಕ್ಕಕ್ಕೆ ಬರಬಹುದು. ನಿಮ್ಮ ಪರವಾಗಿ ಗ್ರಾಹಕರ ಮಾಹಿತಿ ನೋಡುವ ಹೊರಗಿನವರ ಜೊತೆ ಲಿಖಿತ ಒಪ್ಪಂದ ಇರಬೇಕು ಅನ್ನುತ್ತದೆ ಆ ಕಾನೂನು. ಮಾಹಿತಿ ಸೋರಿದರೆ ಸಾಮಾನ್ಯವಾಗಿ 72 ಗಂಟೆಯೊಳಗೆ ಅಧಿಕಾರಿಗಳಿಗೆ ತಿಳಿಸಬೇಕಾಗುತ್ತದೆ. ಹಾಗಾಗಿ ಏನೇ ಎಡವಟ್ಟಾದರೂ ಅಸಿಸ್ಟೆಂಟ್ ತಕ್ಷಣ ನಿಮಗೆ ಹೇಳಬೇಕು ಅಂತಲೂ ಬರೆಯಿಸಿ.

ಉತ್ತರ: ಆನ್‌ಲೈನ್ ಅಂಗಡಿ ನಡೆಸುವವರು

ಮೇಡಂ, ಬಿಟ್ಟುಹೋಗಿದ್ದು ಒಂದಿದೆ. ಅಸಿಸ್ಟೆಂಟ್ ಬಂದ ದಿನದಿಂದಲೇ ಒಂದು ಹಾಳೆ ತೆರೆಯಿರಿ. ಯಾವ ಯಾವ ಕಡೆ ಪ್ರವೇಶ ಕೊಟ್ಟಿದ್ದೀರಿ ಅಂತ ಕೊಟ್ಟ ಕೂಡಲೇ ಬರೆದಿಡಿ. ಅವರು ಬಿಡುವ ದಿನ ಮೇಲಿನಿಂದ ಒಂದೊಂದೇ ತೆಗೆಯುತ್ತಾ ಹೋಗಬಹುದು. ಆ ದಿನ ಕೂತು ನೆನಪು ಮಾಡಿಕೊಳ್ಳಲು ಹೋದರೆ ಎರಡಾದರೂ ತಪ್ಪಿಹೋಗುತ್ತವೆ.

ಪಾಸ್‌ವರ್ಡ್ ಬದಲಾಯಿಸಿದರೆ ಎಲ್ಲಾ ಕಡೆ ತಾನಾಗಿ ಲಾಗೌಟ್ ಆಗುತ್ತದೆ ಅಂತ ನಂಬಬೇಡಿ, ಒಂದೊಂದು ಸೇವೆಯಲ್ಲಿ ಒಂದೊಂದು ಥರ. "ಎಲ್ಲಾ ಸಾಧನಗಳಿಂದ ಸೈನ್ ಔಟ್" ಅನ್ನುವುದನ್ನು ಬೇರೆಯಾಗಿ ಒತ್ತಿ. ರಿಕವರಿ ಫೋನ್ ನಂಬರ್ (ಪಾಸ್‌ವರ್ಡ್ ಮರೆತಾಗ ಅಕೌಂಟ್ ವಾಪಸ್ ಪಡೆಯುವ ನಂಬರ್) ಯಾರದಿದೆ, ಮೇಲ್ ಫಾರ್ವರ್ಡ್ ಆಗುವ ಹಾಗೆ ಫಿಲ್ಟರ್ ಏನಾದರೂ ಇದೆಯಾ, ಬೇರೆ ಆ್ಯಪ್‌ಗಳಿಗೆ ಅನುಮತಿ ಹೋಗಿದೆಯಾ ನೋಡಿ.

ಫೈಲ್‌ಗಳ ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ನಿಮ್ಮ ಗೂಗಲ್ ಡ್ರೈವ್ ಫೋಲ್ಡರ್ ಅನ್ನು ಹಂಚಿಕೊಂಡಿದ್ದೀರಿ, ಅದರೊಳಗೆ ಅವರು ಒಂದು ಶೀಟ್ ಮಾಡಿದರು ಅಂತಿಟ್ಟುಕೊಳ್ಳಿ. ಫೋಲ್ಡರ್ ನಿಮ್ಮದಾದರೂ ಆ ಶೀಟಿನ ಮಾಲೀಕರು ಅವರೇ. ಅವರ ಅಕೌಂಟ್ ಅಳಿಸಿದರೆ ಶೀಟೂ ಹೋಗಬಹುದು. ಸಂಸ್ಥೆಗಳು ದುಡ್ಡು ಕೊಟ್ಟು ತೆಗೆದುಕೊಳ್ಳುವ ಗೂಗಲ್ ವರ್ಕ್‌ಸ್ಪೇಸ್‌ನ ಶೇರ್ಡ್ ಡ್ರೈವ್‌ನಲ್ಲಿ ಈ ತೊಂದರೆ ಇಲ್ಲ, ಅಲ್ಲಿ ಫೈಲ್ ಸಂಸ್ಥೆಗೇ ಸೇರುತ್ತದೆ. ಅದಿಲ್ಲದಿದ್ದರೆ ಶೀಟ್‌ಗಳನ್ನು ನೀವೇ ಮಾಡಿ, ಎಡಿಟ್ ಮಾಡಲು ಮಾತ್ರ ಅವರಿಗೆ ಕೊಡಿ. ಈಗಾಗಲೇ ಅವರ ಹೆಸರಿನಲ್ಲಿರುವುದಕ್ಕೆ ಕೊನೆಯ ಸಂಬಳಕ್ಕೆ ಮುಂಚೆ ಒಂದು ಕಾಪಿ ಮಾಡಿಟ್ಟುಕೊಳ್ಳಿ. ಆ ಸಂಬಳವನ್ನು ಮಾತ್ರ ಯಾವ ಕಾರಣಕ್ಕೂ ತಡೆಹಿಡಿಯಬೇಡಿ. ಚೆನ್ನಾಗಿ ಬೀಳ್ಕೊಟ್ಟವರು ಆಮೇಲೂ ಒಂದು ಮೆಸೇಜ್ ಹಾಕಿದರೆ "ಅದು ಇಂಥ ಫೋಲ್ಡರ್‌ನಲ್ಲಿದೆ ನೋಡಿ" ಅಂತ ಹೇಳುತ್ತಾರೆ.