ಸಹಾಯ ಬೇಕು: ಹಳೇ .32 ರಿವಾಲ್ವರ್, ಯಾವ ಕಂಪನಿಯದ್ದು ತಗೊಳ್ಳಲಿ?

ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಕಡೆ ನಮ್ಮ ಕಾಫಿ ತೋಟ ಇದೆ. ರಿವಾಲ್ವರ್ ಲೈಸೆನ್ಸ್ ಕೈಗೆ ಬಂದಿದೆ. ಹೊಸದಕ್ಕೆ ಅಷ್ಟು ದುಡ್ಡು ಸುರಿಯಲು ಮನಸ್ಸಿಲ್ಲ, ಸೆಕೆಂಡ್ ಹ್ಯಾಂಡ್ ನೋಡುತ್ತಿದ್ದೇನೆ.

ಎರಡು ಕಣ್ಣಿಗೆ ಬಿದ್ದಿವೆ. ಒಂದು ಕಾನ್ಪುರದ ಸರ್ಕಾರಿ ಫ್ಯಾಕ್ಟರಿಯ .32 (ಗುಂಡಿನ ಅಳತೆ, ಇಂಚಿನಲ್ಲಿ). ಬ್ರಿಟನ್ನಿನ ವೆಬ್ಲಿ ಕಂಪನಿಯ ಹಳೇ ಮಾದರಿಯದ್ದು, ಬ್ಯಾರೆಲ್ ಕೆಳಕ್ಕೆ ಬಾಗಿ ತೆರೆದುಕೊಳ್ಳುತ್ತದೆ, ಹಾರಿಸಿದ ಗುಂಡುಗಳ ಖಾಲಿ ಕೇಸುಗಳು ಒಟ್ಟಿಗೆ ಹೊರಬರುತ್ತವೆ. ಇನ್ನೊಂದು ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿಯ ಹಳೇದು. ಇದರಲ್ಲಿ ಗುಂಡು ತುಂಬುವ ಸಿಲಿಂಡರ್ ಪಕ್ಕಕ್ಕೆ ಬರುತ್ತದೆ. ಹೋಲ್‌ಸ್ಟರ್‌ನಲ್ಲಿ ಉಜ್ಜಿ ಮೂತಿಯ ಹತ್ತಿರ ಬಣ್ಣ ಹೋಗಿದೆ. ಆದರೆ ಹಿಂಬದಿಯ ಹ್ಯಾಮರ್ (ಕುದುರೆ) ನಿಧಾನಕ್ಕೆ ಎಳೆದರೆ ಸಿಲಿಂಡರ್ ಟಕ್ ಅಂತ ಕೂರುತ್ತದೆ, ಚೂರೂ ಅಲುಗಾಟ ಇಲ್ಲ. ಬ್ಯಾರೆಲ್ ಮೇಲೆ .32 ಲಾಂಗ್ ಅಂತಲೇ ಇದೆ, ಹಾಗಾಗಿ ಎರಡಕ್ಕೂ ಒಂದೇ ಗುಂಡು.

ನನ್ನ ಮನಸ್ಸು ಸ್ಮಿತ್ ಕಡೆಗೇ. ಟ್ರಿಗರ್ ಅಷ್ಟು ನಯ. ಆದರೆ ವಿದೇಶಿ ಗನ್‌ಗಳ ಖಾಸಗಿ ಆಮದು 1980ರ ದಶಕದಲ್ಲೇ ನಿಂತಿದೆ, ಅದಕ್ಕೇ ರೇಟು ಜಾಸ್ತಿ. ಸ್ಪ್ರಿಂಗ್ ಅಥವಾ ಗುಂಡಿಗೆ ಬಡಿಯುವ ಫೈರಿಂಗ್ ಪಿನ್ ಹೋದರೆ ಏನು ಮಾಡುವುದು ಅನ್ನೋದೇ ಚಿಂತೆ. ಸುಮ್ನೆ ಹೆಸರಿಗೆ ಮರುಳಾಗಬಾರದು, ಅಲ್ವಾ?

ಎರಡನ್ನೂ ಬಳಸಿದವರು ಇದ್ದರೆ ದಯವಿಟ್ಟು ಹೇಳಿ. ಕಾನ್ಪುರದ್ದರಲ್ಲಿ ಬ್ಯಾರೆಲ್ ತೆರೆಯದಂತೆ ಹಿಡಿದಿಡುವ ಮೇಲಿನ ಲಾಚ್ (ಚಿಲಕ) ಸವೆದಿದೆಯಾ ಅಂತ ನೋಡುವುದು ಹೇಗೆ? ಸ್ಮಿತ್‌ಗೆ ಬಿಡಿಭಾಗ ಮಾಡಿಕೊಡುವ ಒಳ್ಳೆ ಗನ್‌ಸ್ಮಿತ್ ಕರ್ನಾಟಕದಲ್ಲಿ ಯಾರಾದರೂ ಇದ್ದಾರಾ? ಮಾರುವವರು ಖಾಸಗಿಯವರು. ಅವರು ಪೊಲೀಸ್ ಠಾಣೆಗೆ ನೋಟಿಸ್ ಕೊಟ್ಟು 45 ದಿನ ಕಾಯಬೇಕು. ಅದಕ್ಕೆ ಮುಂಚೆ ನಾನು ಅವರಿಗೆ ಯಾವುದು ಅಂತ ಹೇಳಬೇಕು.