ಬರವಣಿಗೆ ಮೊದಲೋ, ಪರಿಚಯ ಮೊದಲೋ? ಹೊಸ ಸಂಶೋಧಕರೊಬ್ಬರ ಪ್ರಶ್ನೆ

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ):

ಪಿಎಚ್.ಡಿ.ಯ ಮೂರನೆಯ ವರ್ಷದಲ್ಲಿದ್ದೇನೆ. ಮೊದಲ ಸಂಶೋಧನಾ ಲೇಖನದ ಕರಡು ಅರ್ಧಕ್ಕೆ ನಿಂತಿದೆ. ಬೇರೆಲ್ಲ ಬಿಟ್ಟು ಅದನ್ನು ಬರೆದು ಮುಗಿಸಬೇಕೆಂದು ಮಾರ್ಗದರ್ಶಕರು ಹೇಳುತ್ತಾರೆ. ವಿಚಾರ ಸಂಕಿರಣಗಳಲ್ಲಿ ನಾಲ್ಕು ಜನರ ಪರಿಚಯ ಮಾಡಿಕೊಳ್ಳದಿದ್ದರೆ ಎಷ್ಟು ಬರೆದರೂ ಓದುವವರಿರುವುದಿಲ್ಲ ಎಂಬುದು ಹಿರಿಯ ವಿದ್ಯಾರ್ಥಿಗಳ ಮಾತು. ಅಪರಿಚಿತರೊಡನೆ ತಾನಾಗಿ ಮಾತಿಗಿಳಿಯುವುದು ನನ್ನ ಸ್ವಭಾವಕ್ಕೆ ಒಗ್ಗದು. ಮೇಲಾಗಿ, ಮುಗಿಯದ ಕರಡನ್ನು ಹೊರಗಿನವರಿಗೆ ತೋರಿಸಿದರೆ ಅದರಲ್ಲಿರುವ ವಿಚಾರವನ್ನು ಬೇರೊಬ್ಬರು ಮೊದಲೇ ಪ್ರಕಟಿಸಿಬಿಟ್ಟಾರೆಂಬ ಅಳುಕೂ ಇದೆ. ಈ ಹಂತದಲ್ಲಿ ಯಾವುದಕ್ಕೆ ಹೆಚ್ಚು ಸಮಯ ಕೊಡುವುದು ಉಚಿತ?

ಉತ್ತರ 1 (ಪೋಸ್ಟ್‌ಡಾಕ್, ಸಮಾಜಶಾಸ್ತ್ರ):

ಕರಡನ್ನು ಮುಗಿಸಲು ಯಾರ ಓದು ಬೇಕೋ ಅವರನ್ನು ಹುಡುಕುವುದೇ ನಿಮ್ಮ ಸದ್ಯದ ಸಂಪರ್ಕಕಾರ್ಯವೆಂದುಕೊಂಡರೆ, ಎರಡಕ್ಕೂ ಬೇರೆ ಬೇರೆ ಸಮಯ ಹೊಂದಿಸಬೇಕಾಗಿಲ್ಲ. ಸಂಕಿರಣದ ವಿರಾಮದಲ್ಲಿ ಹೆಸರು ಹೇಳಿ ಕೈಕುಲುಕಿದ ಪರಿಚಯ ಬಹುಮಟ್ಟಿಗೆ ಅಲ್ಲಿಗೇ ಮುಗಿಯುತ್ತದೆ. ನೀವು ಉಲ್ಲೇಖಿಸುತ್ತಿರುವ ಲೇಖನದ ಒಂದು ಕೋಷ್ಟಕವನ್ನೋ, ಒಂದು ಊಹೆಯನ್ನೋ ಹಿಡಿದು ಅದರ ಲೇಖಕರಿಗೆ ಬರೆದು ಕೇಳಿದ ಪ್ರಶ್ನೆ ಹಾಗಲ್ಲ. ನೀವು ಲೇಖನವನ್ನು ನಿಜವಾಗಿ ಓದಿದ್ದೀರೆಂಬುದಕ್ಕೆ ಅದೇ ಸಾಕ್ಷಿ, ಮಿತಭಾಷಿಗಳಿಗೆ ಈ ದಾರಿ ಸುಲಭವೂ ಹೌದು. ಪತ್ರ ಐದಾರು ವಾಕ್ಯಗಳನ್ನು ಮೀರದಿರಲಿ. ಇಡೀ ಕರಡನ್ನು ಲಗತ್ತಿಸಿ ‘ತಮ್ಮ ಅಭಿಪ್ರಾಯ ತಿಳಿಸಿ’ ಎಂದು ಬರೆಯುವುದು ಓದುವವರ ಮೇಲೆ ದೊಡ್ಡ ಹೊರೆ ಹೊರಿಸಿದಂತೆ, ಅಂಥ ಪತ್ರಗಳಿಗೆ ಉತ್ತರ ಬರದಿರುವುದರಲ್ಲಿ ಆಶ್ಚರ್ಯವಿಲ್ಲ. ಪ್ರಸಿದ್ಧರಿಗಿಂತ ಲೇಖನದ ಮೊದಲ ಲೇಖಕರಿಗೆ ಬರೆಯಿರಿ: ಅನೇಕ ವಿಷಯಗಳಲ್ಲಿ ದತ್ತಾಂಶದೊಡನೆ ನಿಜವಾಗಿ ಗುದ್ದಾಡಿದವರು ಅವರೇ, ಎಷ್ಟೋ ಸಲ ಅವರೂ ನಿಮ್ಮಂತೆಯೇ ವೃತ್ತಿಯ ಆರಂಭದಲ್ಲಿರುತ್ತಾರೆ.

ಹಿರಿಯ ವಿದ್ಯಾರ್ಥಿಗಳ ಮಾತಿನಲ್ಲಿ ಸತ್ಯವಿಲ್ಲವೆಂದಲ್ಲ. ಕೆಲಸ ಹುಡುಕಿಕೊಂಡವರನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೋವೆಟರ್, ಉಪಯುಕ್ತ ಸುದ್ದಿ ಆಪ್ತರಿಗಿಂತ ಅಪರೂಪಕ್ಕೆ ಭೇಟಿಯಾಗುವವರಿಂದಲೇ ಹೆಚ್ಚಾಗಿ ಬರುತ್ತದೆಂದು 1973ರಲ್ಲಿ ತೋರಿಸಿದರು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಒಂದೇ ಪ್ರಯೋಗಾಲಯದವರು ಓದುವುದು ಅವೇ ಲೇಖನಗಳನ್ನಲ್ಲವೇ? ಆದರೆ ಈ ಮಾತನ್ನು ಎಲ್ಲ ಬಗೆಯ ಸಹಾಯಕ್ಕೂ ಹಿಗ್ಗಿಸಬಾರದು. ದೊಡ್ಡ ಸಂಸ್ಥೆಯೊಂದರ ವಿಭಾಗಗಳನ್ನು ಅಧ್ಯಯನ ಮಾಡಿದ ಮಾರ್ಟೆನ್ ಹ್ಯಾನ್ಸನ್ 1999ರಲ್ಲಿ ಇನ್ನೊಂದು ಮುಖ ತೋರಿಸಿದರು: ಸಡಿಲ ನಂಟುಗಳು ಜ್ಞಾನ ಎಲ್ಲಿದೆಯೆಂದು ಹುಡುಕಲು ನೆರವಾಗುತ್ತವೆ, ಜಟಿಲವಾದ ಜ್ಞಾನ ಕೈಬದಲಾಗಲು ಮಾತ್ರ ಗಾಢ ನಂಟೇ ಬೇಕು. ಹಾಗಾಗಿ ಹುದ್ದೆ, ಅನುದಾನ, ವಿಶೇಷ ಸಂಚಿಕೆಗಳ ಸುದ್ದಿಗೆ ದೂರದ ಪರಿಚಯ ಸಾಕು. ವಾದ ಎಲ್ಲಿ ಕುಂಟುತ್ತಿದೆಯೆಂದು ಸಾಲು ಸಾಲಾಗಿ ಹೇಳಲು ಹತ್ತಿರದ ಇಬ್ಬರು ಮೂವರಾದರೂ ಇರಬೇಕು.

ಉತ್ತರ 2 (ಸಹಾಯಕ ಪ್ರಾಧ್ಯಾಪಕರು, ಭೌತಶಾಸ್ತ್ರ):

ವಿಚಾರ ಕಳುವಾಗುವ ಅಳುಕಿನ ಬಗ್ಗೆ ಮೇಲಿನವರು ಏನೂ ಹೇಳಲಿಲ್ಲ. ನಮ್ಮ ವಿಷಯದಲ್ಲಿ ಇದಕ್ಕೆ ಪ್ರಿಪ್ರಿಂಟ್, ಅಂದರೆ ನಿಯತಕಾಲಿಕದಲ್ಲಿ ಪ್ರಕಟವಾಗುವ ಮೊದಲೇ ಲೇಖನವನ್ನು ಬಹಿರಂಗವಾಗಿ ಇಡುವುದು, ಒಂದು ಪರಿಹಾರ. ಪಾಲ್ ಗಿನ್ಸ್‌ಪಾರ್ಗ್ 1991ರಲ್ಲಿ ಆರಂಭಿಸಿದ, ಪ್ರಿಪ್ರಿಂಟ್ ಇಡುವ ಮುಕ್ತ ಜಾಲತಾಣ ಆರ್ಕೈವ್‌ನಲ್ಲಿ ಲೇಖನ ಹಾಕಿದರೆ ಅದರ ಪ್ರತಿ ಆವೃತ್ತಿಯೂ ದಿನಾಂಕದೊಡನೆ ಉಳಿಯುತ್ತದೆ, ಯಾರು ಮೊದಲು ಹೇಳಿದರೆಂಬುದಕ್ಕೆ ಬಹಿರಂಗ ದಾಖಲೆ ಸಿಗುತ್ತದೆ. ಇದು ಎಲ್ಲ ವಿಷಯಗಳಿಗೂ ಒಪ್ಪುವುದಿಲ್ಲ. ನೀವು ಕಳಿಸಬೇಕೆಂದಿರುವ ನಿಯತಕಾಲಿಕದ ನಿಯಮವನ್ನು ಮೊದಲು ಓದಿಕೊಳ್ಳಿ. ಮಾನವಿಕಗಳಲ್ಲಿ ವಾದವೇ ಲೇಖನದ ತಿರುಳಾದ್ದರಿಂದ, ಅಪರಿಚಿತರಿಗೆ ಒಂದು ಭಾಗವನ್ನಷ್ಟೇ ಕಳಿಸುವುದು ಮೇಲು.

ಕಳುವಿಗಿಂತ ಹೆಚ್ಚಾಗಿ ಕಾಣಸಿಗುವ ತೊಡಕು ಲೇಖಕತ್ವದ್ದು. ಸಲಹೆ ಕೊಟ್ಟವರು ಕ್ರಮೇಣ ಸಹಲೇಖಕರಾಗುತ್ತಾರೆ, ಹೆಸರುಗಳ ಕ್ರಮದ ಪ್ರಶ್ನೆ ಕೊನೆಯಲ್ಲಿ ಏಳುತ್ತದೆ, ಆಗ ಕಿರಿಯರು ಬಾಯಿ ಬಿಡುವುದು ಕಷ್ಟ. ವೈದ್ಯಕೀಯ ನಿಯತಕಾಲಿಕಗಳ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ ಲೇಖಕರೆನಿಸಿಕೊಳ್ಳಲು 4 ಷರತ್ತುಗಳನ್ನು ಇಟ್ಟಿದೆ: ಅಧ್ಯಯನಕ್ಕೆ ಗಣನೀಯ ಕೊಡುಗೆ, ಬರೆಯುವುದರಲ್ಲಿ ಅಥವಾ ತಿದ್ದುವುದರಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಬರೆದುದಕ್ಕೆ ಹೊಣೆ. ನಾಲ್ಕೂ ಸೇರಿದರೆ ಮಾತ್ರ ಲೇಖಕತ್ವ. ಉಳಿದವರಿಗೆ ಕೃತಜ್ಞತೆಯ ಭಾಗ ಇದೆ. ನಿಮ್ಮ ವಿಷಯ ಯಾವುದೇ ಇರಲಿ, ಸಹಯೋಗದ ಮೊದಲ ಮಾತುಕತೆಯಲ್ಲೇ ಇದನ್ನು ಎತ್ತಿ, ಒಪ್ಪಿದ್ದನ್ನು ಇಮೇಲ್‌ನಲ್ಲಿ ಬರೆದಿಟ್ಟುಕೊಳ್ಳಿ.

ಉತ್ತರ 3 (ಪಿಎಚ್.ಡಿ. ಅಂತಿಮ ವರ್ಷ):

ಬೇರೆ ಬೇರೆ ವಿಭಾಗಗಳ ನಾಲ್ವರು ಸೇರಿ ಬರವಣಿಗೆಯ ಗುಂಪು ಕಟ್ಟಿಕೊಳ್ಳುವುದು ನನಗೆ ತಿಳಿದ ಅತ್ಯಂತ ಅಗ್ಗದ ಉಪಾಯ. ಪ್ರತಿ ಸಲ ಒಬ್ಬರ ನಾಲ್ಕೈದು ಪುಟ ಸಾಕು. ವ್ಯಾಕರಣ ತಿದ್ದುವುದಕ್ಕಿಂತ ‘ಇಲ್ಲಿ ನಾನು ದಾರಿ ತಪ್ಪಿದೆ’ ಎಂದು ಗುರುತು ಹಾಕಿಕೊಟ್ಟರೆ ಹೆಚ್ಚು ಪ್ರಯೋಜನ. ಮಾರ್ಗದರ್ಶಕರಿಗೆ ನಿಯತಕಾಲಿಕಗಳಿಂದ ಪರಿಶೀಲನೆಗೆ ಬರುವ ಹಸ್ತಪ್ರತಿಗಳನ್ನು ಅವರೊಡನೆ ಸೇರಿ ಪರಿಶೀಲಿಸಲು ಅವಕಾಶ ಕೇಳಿ, ಆದರೆ ಸಂಪಾದಕರ ಅನುಮತಿ ಪಡೆದ ಮೇಲೆಯೇ. ಗೋಪ್ಯತೆಯ ನಿಯಮ ಒಂದು ಕಾರಣ. ಇನ್ನೊಂದು, ಸಂಪಾದಕರಿಗೆ ತಿಳಿಸದೆ ಮಾಡಿದ ಕೆಲಸದಲ್ಲಿ ನಿಮ್ಮ ಹೆಸರು ಎಲ್ಲಿಯೂ ದಾಖಲಾಗುವುದಿಲ್ಲ.

ಪ್ರಶ್ನೆ ಕೇಳಿದವರು:

ಧನ್ಯವಾದಗಳು. ಕರಡಿನ ವಿಧಾನದ ಭಾಗದಲ್ಲಿ ನಾನು ಸಿಲುಕಿಕೊಂಡಿರುವ ಒಂದು ಊಹೆಯ ಬಗ್ಗೆ ಅದನ್ನು ಮೊದಲು ಬಳಸಿದ ಲೇಖನದ ಮೊದಲ ಲೇಖಕರಿಗೆ ಬರೆಯುತ್ತೇನೆ. ಉತ್ತರ ಬರದಿದ್ದರೆ ಮತ್ತೆ ಬರೆಯುವುದು ಸಭ್ಯವೇ?

ಉತ್ತರ 1ರವರು:

ಎರಡು ವಾರ ಬಿಟ್ಟು ಒಮ್ಮೆ ನೆನಪಿಸಬಹುದು, ಅದೇ ಪತ್ರದ ಕೆಳಗೆ ಎರಡು ಸಾಲಿನಲ್ಲಿ. ಆಗಲೂ ಉತ್ತರ ಬಾರದಿದ್ದರೆ ಅದೇ ಪ್ರಶ್ನೆಯನ್ನು ಆ ಲೇಖನವನ್ನು ಇತ್ತೀಚೆಗೆ ಉಲ್ಲೇಖಿಸಿದವರೊಬ್ಬರಿಗೆ ಕಳಿಸಿ. ಆ ಊಹೆಯೊಡನೆ ಅವರೂ ಈಚೆಗಷ್ಟೇ ಸೆಣಸಿರುತ್ತಾರೆ.