ಫಾಕ್ಸ್‌ಪ್ರೋದಲ್ಲಿರುವ ಸಂಘದ ಲೆಕ್ಕ: "ಹೊಸದು ತಗೊಳ್ಳಿ" ಅನ್ನುವವರ ಮಾತು ಎಷ್ಟು ನಂಬಬೇಕು?

ಕೇಳಿದ್ದು

ನಮ್ಮ ಪತ್ತಿನ ಸಹಕಾರ ಸಂಘದ ಠೇವಣಿ, ಸಾಲ, ದಿನವಹಿ ಎಲ್ಲವೂ ಫಾಕ್ಸ್‌ಪ್ರೋದಲ್ಲಿದೆ (ಮೈಕ್ರೋಸಾಫ್ಟ್‌ನ ಹಳೆಯ ಡೇಟಾಬೇಸ್ ತಂತ್ರಾಂಶ). ಒಂಬತ್ತು ಕಂಪ್ಯೂಟರ್, ಒಂದು ಸರ್ವರ್. ಸಾಫ್ಟ್‌ವೇರ್ ಬರೆದುಕೊಟ್ಟವರು "ಫಾಕ್ಸ್‌ಪ್ರೋ ಸತ್ತುಹೋಗಿದೆ, ವಿಂಡೋಸ್ 11ರಲ್ಲಿ ನಡೆಯೋದೇ ಇಲ್ಲ, ನಮ್ಮ ಹೊಸ ಕ್ಲೌಡ್ ಪ್ಯಾಕೇಜಿಗೆ ಬನ್ನಿ" ಎಂದು ವಾರಕ್ಕೊಮ್ಮೆ ಫೋನ್ ಮಾಡುತ್ತಾರೆ. ವಾರ್ಷಿಕ ನಿರ್ವಹಣಾ ಶುಲ್ಕ ಕಟ್ಟಿದ್ದರೂ ಇಂಡೆಕ್ಸ್ (ದಾಖಲೆ ಬೇಗ ಹುಡುಕಲು ಇಡುವ ಸೂಚಿ) ಕೆಟ್ಟ ದಿನ ಮಾತ್ರ ಯಾರೂ ಬರುವುದಿಲ್ಲ. ಸದಸ್ಯರ ಹೆಸರುಗಳು ನುಡಿ ಫಾಂಟಿನಲ್ಲಿವೆ. ಅವರು ಹೇಳುವುದರಲ್ಲಿ ನಿಜ ಎಷ್ಟು? ಬದಲಾಯಿಸುವುದಾದರೆ ಯಾವುದು ಮೊದಲು? ತಿಳಿದವರು ಹೇಳಿ.

ಉತ್ತರ 1

ಮೊದಲು ನಿಮ್ಮದು ಯಾವ ಫಾಕ್ಸ್‌ಪ್ರೋ ಎಂದು ನೋಡಿ ಸರ್. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದು ಹೆದರಿಸುತ್ತಾರೆ.

ಡಾಸ್‌ನ 2.6 ಆವೃತ್ತಿಯಾಗಿದ್ದರೆ (ಕಪ್ಪು ಅಥವಾ ನೀಲಿ ಪರದೆ, ಮೌಸ್ ಕೆಲಸ ಕಡಿಮೆ) ಅವರ ಮಾತು ನಿಜ. ಅದು 16 ಬಿಟ್ ಪ್ರೋಗ್ರಾಂ, 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ತೆರೆಯುವುದಿಲ್ಲ. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ. ಹಳೆಯ ಡಾಸ್ ಪ್ರೋಗ್ರಾಂಗಳನ್ನು ಓಡಿಸಿಕೊಡುವ ಡಾಸ್‌ಬಾಕ್ಸ್, ವಿಡಾಸ್‌ನಂಥವು ಬೇಕಾಗುತ್ತವೆ.

ಪ್ರೋಗ್ರಾಂ ಇರುವ ಫೋಲ್ಡರಿನಲ್ಲಿ ವಿಎಫ್‌ಪಿ9ಆರ್ ಎಂಬ ಡಿಎಲ್‌ಎಲ್ ಕಡತ ಕಂಡರೆ ನಿಮ್ಮದು ವಿಷುಯಲ್ ಫಾಕ್ಸ್‌ಪ್ರೋ 9. ಅದು 32 ಬಿಟ್, ವಿಂಡೋಸ್ 11ರಲ್ಲೂ ಓಡುತ್ತದೆ. "ನಡೆಯೋದೇ ಇಲ್ಲ" ಎನ್ನುವುದು ಆಗ ಸುಳ್ಳು.

"ಸತ್ತಿದೆ" ಎನ್ನುವುದಕ್ಕೆ ಬಂದರೆ, ದಿನಾಂಕಗಳು ಇವು. ಮೈಕ್ರೋಸಾಫ್ಟ್ 1992ರಲ್ಲಿ ಫಾಕ್ಸ್ ಸಾಫ್ಟ್‌ವೇರ್ ಸಂಸ್ಥೆಯನ್ನು ಕೊಂಡಿತು. 1998ರಲ್ಲಿ ವಿಷುಯಲ್ ಸ್ಟುಡಿಯೋ 6ರ ಜೊತೆಗಿದ್ದ ಫಾಕ್ಸ್‌ಪ್ರೋವನ್ನು 7ನೇ ಆವೃತ್ತಿಯಿಂದ ಬೇರೆ ಮಾಡಿ ಮಾರಿತು. ಮೈಕ್ರೋಸಾಫ್ಟ್‌ನದೇ ಹೊಸ ವೇದಿಕೆ ಡಾಟ್‌ನೆಟ್‌ನ ಪ್ರಚಾರದ ಅಬ್ಬರದಲ್ಲಿ ಇದರ ಹೆಸರೇ ಕೇಳಿಸಲಿಲ್ಲ. ಆಗಲೇ ಬಳಕೆದಾರರು ಕೇಳತೊಡಗಿದ್ದರು: ಒಳ್ಳೆಯ ಉತ್ಪನ್ನಕ್ಕೆ ಜಾಹೀರಾತು ಯಾಕಿಲ್ಲ? 2004ರ ಕೊನೆಗೆ 9 ಬಂತು. 2007ರ ಮಾರ್ಚ್‌ನಲ್ಲಿ 10 ಬರುವುದಿಲ್ಲ ಎಂದು ಪ್ರಕಟಿಸಿದರು. ಸ್ಪ್ಯಾನಿಷ್ ಮಾತಾಡುವ ಡೆವಲಪರುಗಳು ಸಹಿ ಸಂಗ್ರಹಿಸಿ ಮನವಿ ಕೊಟ್ಟರೂ ನಿರ್ಧಾರ ಬದಲಾಗಲಿಲ್ಲ. ವಿಸ್ತೃತ ಬೆಂಬಲವೂ 2015ರ ಜನವರಿಗೆ ಮುಗಿಯಿತು. ಅಂದರೆ ಹತ್ತು ವರ್ಷಕ್ಕೂ ಮೇಲಾಯಿತು. ಈ ವಾರವೇ ಸಹಿ ಹಾಕುವಂಥ ತುರ್ತು ಹೊಸದಾಗಿ ಏನೂ ಹುಟ್ಟಿಲ್ಲ. ಹಾಗೆಂದು ಹೀಗೇ ಇರಬಹುದು ಎಂದೂ ಅಲ್ಲ. ಭದ್ರತಾ ದೋಷ ಕಂಡರೆ ಸರಿಪಡಿಸುವವರಿಲ್ಲ, ಒಂದು ಟೇಬಲ್ ಕಡತ 2 ಜಿಬಿ ದಾಟುವಂತಿಲ್ಲ, ಯೂನಿಕೋಡ್ (ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿ) ಇಲ್ಲ. ಬದಲಾಯಿಸಿ. ಆದರೆ ನಿಮ್ಮ ವೇಳಾಪಟ್ಟಿಯಲ್ಲಿ, ಅವರದ್ದರಲ್ಲಿ ಅಲ್ಲ.

ಉತ್ತರ 2

ಇಂಡೆಕ್ಸ್ ಪದೇ ಪದೇ ಕೆಡುತ್ತಿದ್ದರೆ ಹೊಸ ಪ್ಯಾಕೇಜ್ ಬರುವ ತನಕ ಕಾಯಬೇಡಿ, ಈ ವಾರವೇ ನಿಲ್ಲಿಸಬಹುದು. ಕಾರಣ ಹೆಚ್ಚಿನ ಕಡೆ ಫಾಕ್ಸ್‌ಪ್ರೋ ಅಲ್ಲ, ನೆಟ್‌ವರ್ಕ್ ಹಂಚಿಕೆ. ವಿಂಡೋಸ್ ವೇಗಕ್ಕಾಗಿ ಕಡತದ ಮಾಹಿತಿಯನ್ನು ಪ್ರತಿ ಕಂಪ್ಯೂಟರಿನಲ್ಲೂ ಕೆಲವು ಸೆಕೆಂಡು ಇಟ್ಟುಕೊಳ್ಳುತ್ತದೆ. ಒಬ್ಬರು ಸೇರಿಸಿದ ದಾಖಲೆ ಇನ್ನೊಬ್ಬರಿಗೆ ಕಾಣುವ ಮೊದಲೇ ಅವರೂ ಬರೆದರೆ ಇಂಡೆಕ್ಸ್ ತಪ್ಪುತ್ತದೆ.

ಪ್ರತಿ ಕ್ಲೈಂಟ್ ಕಂಪ್ಯೂಟರಿನಲ್ಲಿ (ಸರ್ವರ್ ಬಿಟ್ಟು ಉಳಿದವು) ರಿಜಿಸ್ಟ್ರಿಯ, ಅಂದರೆ ವಿಂಡೋಸ್ ಸೆಟ್ಟಿಂಗ್‌ಗಳ ಕೋಶದ, ಲ್ಯಾನ್‌ಮ್ಯಾನ್ ವರ್ಕ್‌ಸ್ಟೇಷನ್ ಸೇವೆಯ ಪ್ಯಾರಾಮೀಟರ್ಸ್ ಭಾಗಕ್ಕೆ ಹೋಗಿ ಮೂರು ಡಿವರ್ಡ್ (ಸಂಖ್ಯಾ ರೂಪದ) ಬೆಲೆಗಳನ್ನು 0 ಮಾಡಿ: ಫೈಲ್ ಇನ್ಫೋ ಕ್ಯಾಶ್ ಲೈಫ್‌ಟೈಮ್, ಫೈಲ್ ನಾಟ್ ಫೌಂಡ್ ಕ್ಯಾಶ್ ಲೈಫ್‌ಟೈಮ್, ಡೈರೆಕ್ಟರಿ ಕ್ಯಾಶ್ ಲೈಫ್‌ಟೈಮ್. ಹೆಸರುಗಳನ್ನು ಇಂಗ್ಲಿಷಿನಲ್ಲಿ ನಡುವೆ ಜಾಗ ಬಿಡದೆ ಬರೆಯಬೇಕು. ಮೊದಲು ಇಲ್ಲದಿದ್ದರೆ ಹೊಸದಾಗಿ ಸೇರಿಸಿ, ಆಮೇಲೆ ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಒಂದೇ ಒಂದು ಕಂಪ್ಯೂಟರ್ ಬಿಟ್ಟುಹೋದರೂ ಅದೇ ಉಳಿದವರ ಇಂಡೆಕ್ಸ್ ಕೆಡಿಸುತ್ತದೆ. ಸರ್ವರ್ 2019 ಅಥವಾ ಹೊಸದಾಗಿದ್ದರೆ ಆ ಹಂಚಿಕೆ ಫೋಲ್ಡರಿನ ಲೀಸಿಂಗ್ ಮೋಡ್ (ಕಡತದ ಮಾಹಿತಿಯನ್ನು ಕ್ಲೈಂಟ್ ತನ್ನಲ್ಲಿ ಇಟ್ಟುಕೊಳ್ಳಲು ಕೊಡುವ ಅನುಮತಿ) ಅನ್ನು ವಿಂಡೋಸ್‌ನ ಆದೇಶ ಸಾಧನ ಪವರ್‌ಶೆಲ್‌ನಿಂದ ನನ್ (None) ಎಂದು ಇಡಿ.

ವೈಫೈನಲ್ಲಿ ಎಂಟ್ರಿ ಮಾಡಬೇಡಿ, ಕೇಬಲ್ ಮಾತ್ರ. ಡಿಬಿಎಫ್ (ಟೇಬಲ್), ಸಿಡಿಎಕ್ಸ್ (ಇಂಡೆಕ್ಸ್), ಎಫ್‌ಪಿಟಿ (ಮೆಮೊ, ಅಂದರೆ ಉದ್ದ ಪಠ್ಯ) ಕಡತಗಳನ್ನು ಆಂಟಿವೈರಸ್ ತಪಾಸಣೆಯಿಂದ ಹೊರಗಿಡಿ. ಬ್ಯಾಕಪ್ ಎಲ್ಲರೂ ಲಾಗೌಟ್ ಆದ ಮೇಲೆ, ಮೂರೂ ಕಡತ ಒಟ್ಟಿಗೆ. ಹಗಲಲ್ಲಿ ತೆರೆದಿದ್ದಾಗ ತೆಗೆದ ನಕಲಿನಲ್ಲಿ ಡಿಬಿಎಫ್ ಒಂದು ಕ್ಷಣದ್ದು, ಮೆಮೊ ಇನ್ನೊಂದು ಕ್ಷಣದ್ದು ಆಗಿರುತ್ತದೆ. ಬೇಕಾದ ದಿನ ತೆರೆಯುವುದಿಲ್ಲ.

ಉತ್ತರ 3

ಕೆಟ್ಟ ಟೇಬಲ್ ರಿಪೇರಿ ಬಗ್ಗೆ. "ಟೇಬಲ್ ಕೆಟ್ಟಿದೆ" ಎಂಬ 2091 ದೋಷ ಬಂದರೆ ಬಹುಪಾಲು ಹೆಡರಿನಲ್ಲಿರುವ (ಕಡತದ ಆರಂಭದ ವಿವರ ಭಾಗ) ದಾಖಲೆ ಎಣಿಕೆ ಮತ್ತು ಕಡತದ ಅಳತೆ ಹೊಂದುತ್ತಿಲ್ಲ ಎಂದರ್ಥ. ದಾಖಲೆ ಬರೆದಾಯಿತು, ಎಣಿಕೆ ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಅಷ್ಟೇ.

ನಕಲು ಮಾಡಿ, ನಕಲಿನ ಮೇಲೆ ಮಾತ್ರ ಕೆಲಸ ಮಾಡಿ. ಹೆಕ್ಸ್ ಎಡಿಟರಿನಲ್ಲಿ (ಬೈಟ್‌ಗಳನ್ನೇ ತೋರಿಸಿ ತಿದ್ದಲು ಕೊಡುವ ಸಾಧನ), ಸೊನ್ನೆಯಿಂದ ಎಣಿಸಿದರೆ, 4ರಿಂದ 7ನೇ ಬೈಟ್ ದಾಖಲೆ ಎಣಿಕೆ, 8-9 ಹೆಡರಿನ ಉದ್ದ, 10-11 ಒಂದು ದಾಖಲೆಯ ಉದ್ದ. ಎಲ್ಲವೂ ಹಿಂದುಮುಂದಾಗಿ, ಚಿಕ್ಕ ಬೈಟ್ ಮೊದಲು. ಕಡತದ ಅಳತೆಯಿಂದ ಹೆಡರ್ ಉದ್ದ ಮತ್ತು ಕೊನೆಯ ಗುರುತಿನ 1 ಬೈಟ್ ಕಳೆದು, ದಾಖಲೆ ಉದ್ದದಿಂದ ಭಾಗಿಸಿ. ಉದಾಹರಣೆಗೆ ಕಡತ 51,20,681 ಬೈಟ್, ಹೆಡರ್ 680, ದಾಖಲೆ 128 ಆದರೆ ಸರಿಯಾಗಿ 40,000. ಹೆಡರಿನಲ್ಲಿ 39,998 ಇದ್ದರೆ ಅದನ್ನೇ ತಿದ್ದಬೇಕು. ಶೇಷ ಉಳಿದರೆ ಕೊನೆಯ ದಾಖಲೆ ಅರ್ಧ ಬರೆದಿದೆ, ಪೂರ್ಣ ದಾಖಲೆಗಳಷ್ಟನ್ನೇ ಲೆಕ್ಕಕ್ಕೆ ಹಿಡಿಯಿರಿ.

ಇಂಡೆಕ್ಸಿಗೆ ರೀಇಂಡೆಕ್ಸ್ ಆದೇಶ ಕೊಡಬೇಡಿ. ಅದು ಕೆಟ್ಟ ಕಡತದೊಳಗಿನ ವಿವರವನ್ನೇ ಓದಿ ಮತ್ತೆ ಕಟ್ಟುತ್ತದೆ. ಎಲ್ಲ ಟ್ಯಾಗ್ (ಇಂಡೆಕ್ಸ್ ಕಡತದೊಳಗಿನ ಒಂದೊಂದು ಸೂಚಿ) ಅಳಿಸಿ ಹೊಸದಾಗಿ ಕಟ್ಟಿ. ಎಚ್ಚರ: ಟ್ಯಾಗ್ ಅಳಿಸಿದರೆ ಪ್ರೈಮರಿ ಕೀ (ಪ್ರತಿ ದಾಖಲೆಯನ್ನು ಬೇರೆಯಾಗಿ ಗುರುತಿಸುವ ಫೀಲ್ಡ್), ಟೇಬಲ್‌ಗಳ ನಡುವಿನ ಸಂಬಂಧಗಳೂ ಹೋಗುತ್ತವೆ. ಡೇಟಾಬೇಸ್ ಚೆನ್ನಾಗಿರುವ ದಿನವೇ ಫಾಕ್ಸ್‌ಪ್ರೋ ಜೊತೆಗೆ ಬರುವ ಜೆನ್‌ಡಿಬಿಸಿ ಓಡಿಸಿ, ಇಡೀ ರಚನೆಯ ಪ್ರೋಗ್ರಾಂ ತೆಗೆದಿಟ್ಟುಕೊಳ್ಳಿ.

ಉತ್ತರ 4

ನುಡಿ ಹೆಸರುಗಳ ವಿಷಯ ಯಾರೂ ಹೇಳಲಿಲ್ಲ. ಡೇಟಾ ವರ್ಗಾಯಿಸುವಾಗ ಅತಿ ಹೆಚ್ಚು ಹಾಳಾಗುವುದು ಅದೇ.

ಆ ಫೀಲ್ಡಿನಲ್ಲಿ ಕನ್ನಡ ಅಕ್ಷರಗಳಿಲ್ಲ, ಆಕಾರದ ತುಂಡುಗಳ ಸಂಕೇತಗಳಿವೆ. ಅನೇಕ ಸಂಕೇತಗಳು 127ರ ಮೇಲಿನವು. ಟೇಬಲಿನ ಕೋಡ್‌ಪೇಜ್ ಗುರುತು (ಯಾವ ಸಂಕೇತಪಟ್ಟಿ ಎಂದು ಹೇಳುವ 29ನೇ ಬೈಟ್) ಡಾಸ್‌ನದ್ದಾಗಿದ್ದರೆ ಫಾಕ್ಸ್‌ಪ್ರೋ ತೆರೆಯುವಾಗಲೇ ಈ ಬೈಟ್‌ಗಳನ್ನು ಅನುವಾದಿಸಿ ಬದಲಾಯಿಸುತ್ತದೆ. ಎಕ್ಸೆಲ್‌ಗೆ ತೆಗೆದರೆ ಮತ್ತೊಮ್ಮೆ. ಹೀಗೆ ಕಳೆದ ಅಕ್ಷರ ತಿರುಗಿ ಸಿಗುವುದಿಲ್ಲ. ದಾರಿ ಎರಡು. ಫಾಕ್ಸ್‌ಪ್ರೋ ಒಳಗೇ ಆದರೆ ನಕಲಿನ ಗುರುತನ್ನು ಸೊನ್ನೆ ಮಾಡಿ (ಸಿಪಿಝೀರೋ ಪ್ರೋಗ್ರಾಂ ಜೊತೆಗೇ ಬರುತ್ತದೆ), ಸ್ಟ್ರ್‌ಕಾನ್ವ್ ಫಂಕ್ಷನ್‌ಗೆ 15 ಕೊಟ್ಟು ಹೆಸರನ್ನು ಹೆಕ್ಸ್ ಆಗಿ ಹೊರತೆಗೆಯಿರಿ. ಅಥವಾ ಪೈಥಾನಿನ ಡಿಬಿಎಫ್‌ರೀಡ್ ಲೈಬ್ರರಿಯ ರಾ ಮೋಡ್‌ನಲ್ಲಿ ಬೈಟ್‌ಗಳನ್ನು ಇದ್ದಂತೆ ಓದಿ. ಆಮೇಲೆ ನುಡಿಯಿಂದ ಯೂನಿಕೋಡಿಗೆ ಬದಲಿಸುವ ಪರಿವರ್ತಕಕ್ಕೆ ಕೊಡಿ.

ಪರಿವರ್ತನೆಯಾದ ಮೇಲೆ ಅರ್ಕಾವತ್ತಿನ ಹೆಸರುಗಳನ್ನು ಒಂದೊಂದಾಗಿ ನೋಡಿ. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರಕಾರ ಮುಂಚೆ ಬರಬೇಕು. "ಧರ್ಮಪ್ಪ", "ಸೂರ್ಯನಾರಾಯಣ", "ದುರ್ಗಮ್ಮ" ಸರಿ ಬಂದರೆ ಪರಿವರ್ತಕ ಒಳ್ಳೆಯದು. ಬೇರೆ ಕನ್ನಡ ತಂತ್ರಾಂಶಗಳಾದ ಶ್ರೀಲಿಪಿ, ಪ್ರಕಾಶಕದ ಸಂಕೇತಗಳೇ ಬೇರೆ. ಒಂದೇ ಟೇಬಲಿನಲ್ಲಿ ಎರಡೂ ಬೆರೆತಿರಬಹುದು, ಖಾತೆ ತೆರೆದ ವರ್ಷವಾರು ಮಾದರಿ ತೆಗೆದು ನೋಡಿ.

ಇನ್ನು ಅಂಕಿಗಳು. ಖಾಲಿ ದಿನಾಂಕ ಹೊಸ ಡೇಟಾಬೇಸಿಗೆ 30-12-1899 ಎಂದು ಹೋಗುತ್ತದೆ, ಅದನ್ನು ನಲ್ (ಬೆಲೆಯೇ ಇಲ್ಲ ಎಂಬ ಗುರುತು) ಮಾಡಬೇಕು. ಅಳಿಸಿದ ದಾಖಲೆಗಳು ಕಡತದಲ್ಲೇ ನಕ್ಷತ್ರ ಗುರುತಿನೊಂದಿಗೆ ಕೂತಿರುತ್ತವೆ. ಸೆಟ್ ಡಿಲೀಟೆಡ್ ಆನ್ ಮಾಡದೆ ತೆಗೆದರೆ ಮುಚ್ಚಿದ ಖಾತೆಗಳು ಎದ್ದು ಬರುತ್ತವೆ. ಬೇರೆ ಸಾಧನಗಳು ಫಾಕ್ಸ್‌ಪ್ರೋ ಡೇಟಾ ಓದಲು ಬಳಸುವ ಓಎಲ್‌ಇಡಿಬಿ ಚಾಲಕ 32 ಬಿಟ್‌ನಲ್ಲಿ ಮಾತ್ರ ಇದೆ, 64 ಬಿಟ್ ಸಾಧನಗಳಿಗೆ ಅದು ಕಾಣುವುದೇ ಇಲ್ಲ. "ಚಾಲಕ ಸಿಗಲಿಲ್ಲ, ಡೇಟಾ ತೆಗೆಯಲಾಗದು" ಎಂದರೆ ಒಪ್ಪಬೇಡಿ.

ಉತ್ತರ 5

ಮೇಲಿನದಕ್ಕೆ ಎರಡು ಸೇರಿಸುತ್ತೇನೆ. ಬಡ್ಡಿಯಲ್ಲಿ ಪೈಸೆ ವ್ಯತ್ಯಾಸ ಬಂದೇ ಬರುತ್ತದೆ: ಫಾಕ್ಸ್‌ಪ್ರೋ 2.5 ಅನ್ನು 3 ಮಾಡುತ್ತದೆ, ಡಾಟ್‌ನೆಟ್‌ನ ಮ್ಯಾತ್ ರೌಂಡ್ ತಾನಾಗಿ ಬಿಟ್ಟರೆ 2 ಮಾಡುತ್ತದೆ, ಸಮಸಂಖ್ಯೆಯ ಕಡೆಗೆ. ಯಾವ ಪದ್ಧತಿ ಎಂದು ಒಪ್ಪಂದದಲ್ಲೇ ಬರೆಸಿ. ಎರಡನೆಯದು, ಸೆಟ್ ಎಕ್ಸಾಕ್ಟ್ (ಪಠ್ಯವನ್ನು ಪೂರ್ತಿ ಹೋಲಿಸುವ ಸೆಟ್ಟಿಂಗ್) ಆಫ್ ಇದ್ದಾಗ ಪಠ್ಯವಾಗಿ ಇಟ್ಟ ಖಾತೆ ಸಂಖ್ಯೆ "123" ಮತ್ತು "12" ಸಮ ಎಂದೇ ಬರುತ್ತದೆ. ಹಳೆಯ ವರದಿಗಳ ಮೊತ್ತ ಈ ಕಾರಣಕ್ಕೇ ತಪ್ಪಾಗಿದ್ದಿರಬಹುದು. ಹೊಂದದಿದ್ದಾಗ ಹೊಸದೇ ತಪ್ಪು ಎಂದು ತೀರ್ಮಾನಿಸಬೇಡಿ.

ಒಪ್ಪಂದದಲ್ಲಿ ನಾನಾದರೆ ಬಿಡದೆ ಕೇಳುವುದು: ಮೂರು ವರ್ಷದ ನಂತರದ ದರ ಎಷ್ಟು, ಬಿಟ್ಟು ಹೋಗುವಾಗ ಎಲ್ಲ ಟೇಬಲ್‌ಗಳನ್ನು ಸಿಎಸ್‌ವಿ ರೂಪದಲ್ಲಿ, ಫೀಲ್ಡ್ ವಿವರಣೆ ಸಮೇತ, ಎಷ್ಟು ದಿನದೊಳಗೆ ಕೊಡುತ್ತಾರೆ, ದೂರು ಕೊಟ್ಟ ಎಷ್ಟು ಗಂಟೆಗೆ ಸ್ಪಂದನೆ, ಇಲ್ಲದಿದ್ದರೆ ಶುಲ್ಕದಲ್ಲಿ ಎಷ್ಟು ಕಡಿತ. "ಬೆಂಬಲ ಇದೆ" ಎಂಬ ಬ್ರೋಷರ್ ಸಾಲಿಗೆ ಬೆಲೆಯಿಲ್ಲ. ಮಾರಾಟಕ್ಕೆ ಬರುವವರು ಮತ್ತು ರಿಪೇರಿಗೆ ಬರುವವರು ಒಬ್ಬರೇ ಅಲ್ಲ, ಡೆಮೊ ದಿನ ರಿಪೇರಿಯವರನ್ನೇ ಕರೆಸಿ ಮಾತಾಡಿ. ಹಣವನ್ನು ಮೂರು ಕಂತು ಮಾಡಿ, ಕೊನೆಯದು ಹಳೆಯ-ಹೊಸ ಲೆಕ್ಕ ತಾಳೆ ಆದ ಮೇಲೆ.

ಮತ್ತೆ ಕೇಳಿದ್ದು

ತುಂಬ ಉಪಕಾರವಾಯಿತು. ನಮ್ಮದು 9ನೇ ಆವೃತ್ತಿಯೇ. ಸಾಫ್ಟ್‌ವೇರ್‌ನವರು ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಕೊಡುವುದಿಲ್ಲ ಎನ್ನುತ್ತಾರೆ. ಬದಲಾವಣೆ ಯಾವಾಗ ಮಾಡಬೇಕು?

ಉತ್ತರ 3 ಬರೆದವರು

ಡೇಟಾಕ್ಕೆ ಸೋರ್ಸ್ ಬೇಕಿಲ್ಲ. ಡಿಬಿಎಫ್ ರಚನೆ ಬಹಿರಂಗ, ಫೀಲ್ಡ್ ಹೆಸರು ಅಳತೆ ಹೆಡರಿನಲ್ಲೇ ಇರುತ್ತವೆ. ಸಿಗದಿರುವುದು ಬಡ್ಡಿ ಲೆಕ್ಕದ ನಿಯಮಗಳು. ಪ್ರತಿ ಠೇವಣಿ ಯೋಜನೆ, ಪ್ರತಿ ಸಾಲದ ಬಗೆಯಿಂದ 20 ಖಾತೆ ಆರಿಸಿ: ಅವಧಿಗೆ ಮುನ್ನ ಮುಚ್ಚಿದ್ದು, ಕಂತು ತಪ್ಪಿದ್ದು, ನಡುವೆ ದರ ಬದಲಾದದ್ದು ಇರಲೇಬೇಕು. ಹಳೆಯದರ ಉತ್ತರ ಬರೆದಿಟ್ಟು ಹೊಸದರಲ್ಲಿ ಅದನ್ನೇ ಓಡಿಸಿ.

ಸಮಯ ಏಪ್ರಿಲ್ 1, ಆರಂಭಿಕ ಶಿಲ್ಕಿನೊಂದಿಗೆ. ಅದಕ್ಕೂ ಮೊದಲು ಅಕ್ಟೋಬರಿನಿಂದ ಡಿಸೆಂಬರ್ ಕೊನೆಯವರೆಗೆ ಎರಡನ್ನೂ ಜೊತೆಯಲ್ಲಿ ನಡೆಸಿ. ಪ್ರತಿ ತಿಂಗಳ ಕೊನೆಗೆ ತಾಳೆಪಟ್ಟಿ, ಯೋಜನಾವಾರು ಠೇವಣಿ ಬಾಕಿ, ಸಾಲದ ಬಾಕಿ, ಸದಸ್ಯರ ಸಂಖ್ಯೆ ನಾಲ್ಕೂ ಹೊಂದಬೇಕು. ಮಾರ್ಚ್‌ನಲ್ಲಿ ಕೈ ಹಾಕಬೇಡಿ. ಬದಲಾದ ಮೇಲೂ ಹಳೆಯ ಪ್ರೋಗ್ರಾಂ ಫೋಲ್ಡರ್, ಅದು ಓಡಲು ಬೇಕಾದ ರನ್‌ಟೈಮ್ ಕಡತಗಳು, ಮಾರ್ಚ್ 31ರ ಡೇಟಾ ಮೂರನ್ನೂ ಒಂದು ಕಂಪ್ಯೂಟರಿನಲ್ಲಿ ಓದಲು ಮಾತ್ರ ಇಡಿ. ಲೆಕ್ಕ ಪರಿಶೋಧಕರು ಹಳೆಯ ವರ್ಷದ ಲೆಡ್ಜರ್ ಕೇಳಿದಾಗ ಅದೇ ಬೇಕಾಗುತ್ತದೆ.